ಕೊಡಚಾದ್ರಿಯಿಂದ ಸಮುದ್ರ ಕಾಣುತ್ತೆ, ಹೊತ್ತು ನೋಡಿ ಹತ್ತಿದರೆ

“ಕೊಡಚಾದ್ರಿ ಮೇಲಿಂದ ಸಮುದ್ರ ಕಾಣುತ್ತೆ ಅನ್ನೋದೆಲ್ಲ ಸುಳ್ಳು” ಅಂತ ಮತ್ತೊಂದು ಪೋಸ್ಟ್ ಈಗಷ್ಟೇ ಕಣ್ಣಿಗೆ ಬಿತ್ತು. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನದ ಫೋಟೊ. ಬೆಟ್ಟದ ತುದಿಯ ಸರ್ವಜ್ಞ ಪೀಠದ ಕಲ್ಲುಮಂಟಪದ ಹಿಂದೆ ಬರೀ ಬೆಳ್ಳನೆ ಮಬ್ಬು. ಸಿಟ್ಟು ಬಂತು. ಹೊತ್ತಲ್ಲದ ಹೊತ್ತಲ್ಲಿ ಹೋಗಿ ಬೆಟ್ಟದ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?

ಬೆಟ್ಟ 1343 ಮೀಟರ್ ಎತ್ತರ. ಬೈಂದೂರಿನ ಕಡಲ ದಂಡೆ ನೇರಕ್ಕೆ ಅಳೆದರೆ ಸುಮಾರು 30 ಕಿಲೋಮೀಟರ್. ಅಡ್ಡ ಬರೋದು ದೂರ ಅಲ್ಲ, ಗಾಳಿಯಲ್ಲಿರೋ ಕೊಳೆ. ಮಾರ್ಚ್‌ನಿಂದ ಮೇ ತನಕ ಧೂಳು, ಕಾಡುಬೆಂಕಿಯ ಹೊಗೆ, ಕಡಲಿನ ತೇವ ಮೂರೂ ಸೇರಿ ಪರದೆ ಕಟ್ಟುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುಗಾಳಿ ಘಟ್ಟಕ್ಕೆ ಬಡಿದು, ಮೇಲೇರಿ, ತಣಿದು ಮೋಡವಾಗುತ್ತೆ. ನೀವು ನಿಂತಿರೋದೇ ಆ ಮೋಡದೊಳಗೆ! ಮಳೆ ಧೂಳನ್ನೆಲ್ಲ ತೊಳೆದು ಹೋದ ಮೇಲೆ, ಅಕ್ಟೋಬರ್ ಕೊನೆಯಿಂದ ಜನವರಿ ತನಕ ಹೋಗಿ.

ತಿಂಗಳು ಸರಿಯಿದ್ದೂ ಗಂಟೆ ತಪ್ಪಿದರೆ ಮತ್ತದೇ ಗೋಳು. ಬೆಳಿಗ್ಗೆ ಕಣಿವೆಯ ಮಂಜು ಕರಗಿದ ಮೇಲೆ ಬಿಸಿಲು ನಿಮ್ಮ ಬೆನ್ನಿಗಿರುತ್ತೆ, ದಂಡೆಯ ಅಂಚು ಗೆರೆ ಎಳೆದ ಹಾಗೆ ಕಾಣುತ್ತೆ. ಇಲ್ಲ ಅಂದ್ರೆ ಸೂರ್ಯ ಮುಳುಗೋ ಮುಂಚಿನ ಒಂದು ಗಂಟೆ. ನೀಲಿ ನೀರು ಹುಡುಕಬೇಡಿ, ಆ ದೂರಕ್ಕೆ ಕಡಲೂ ಬಾನೂ ಒಂದೇ ಬಣ್ಣ. ಬಾನಿನ ಅಂಚಿಗಿಂತ ಸ್ವಲ್ಪ ಕೆಳಗೆ ಕಣ್ಣು ನೆಡಿ. ಮೊದಲು ತೆಳ್ಳನೆ ತಗಡಿನ ಪಟ್ಟಿ ಹೊಳೆಯುತ್ತೆ, ಆಮೇಲೆ ಅದೇ ಪಟ್ಟಿ ಕಾಯಿಸಿದ ತಾಮ್ರವಾಗುತ್ತೆ. ಅಷ್ಟು ಚೆಂದ!

“ಜೀಪಿನವರು ಒಂದೂವರೆ ಗಂಟೆ ಅಷ್ಟೇ ಕಾಯ್ತಾರೆ, ನಾವೇನು ಮಾಡೋಣ?” ಅಂತೀರಿ. ವಯಸ್ಸಾದವರಿಗೆ, ಮಕ್ಕಳಿಗೆ ಜೀಪು ಬೇಕೇ ಬೇಕು, ಒಪ್ಪಿದೆ. ಆದರೆ ಹತ್ತೋ ಮುಂಚೆಯೇ ಕಾಯೋ ಹೊತ್ತು ಮಾತಾಡಿ ಗಟ್ಟಿ ಮಾಡ್ಕೊಳ್ಳಿ. ಜೀಪು ನಿಲ್ಲೋ ದೇವಸ್ಥಾನದಿಂದ ತುದಿಯ ಪೀಠಕ್ಕೆ ಕಾಲ್ನಡಿಗೆಯೇ ಮುಕ್ಕಾಲು ಗಂಟೆ ಹಿಡಿಯುತ್ತೆ. ಹೋಗಿ ಬರೋದಕ್ಕೇ ಒಂದೂವರೆ ಗಂಟೆ ಮುಗೀತು, ಕಡಲು ನೋಡೋದು ಯಾವಾಗ?

ಹಿಡ್ಲುಮನೆ ಜಲಪಾತದ ದಾರಿಯಲ್ಲಿ ನಡೆದು ಹತ್ತೋರು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಿ, ಆ ದಾರಿ ಎಲ್ಲ ಕಾಲದಲ್ಲೂ ತೆರೆದಿರಲ್ಲ. ಮಳೆ ನಿಂತ ಹೊಸತರಲ್ಲಿ ಉಂಬಳ (ಜಿಗಣೆ) ಇನ್ನೂ ಇರುತ್ತೆ, ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿ ಉಜ್ಜಿಕೊಳ್ಳಿ. ಸಂಜೆ ನೋಡೋರು ತಲೆಗೊಂದು ಟಾರ್ಚ್ ಕಟ್ಟಿಕೊಳ್ಳಿ. ಇಳಿಜಾರಲ್ಲಿ ಸಡಿಲ ಕಲ್ಲಿನ ಮೇಲೆ ಕಾಲು ಜಾರೋದು ಕತ್ತಲಾದ ಮೇಲೆಯೇ, ಆಗ ಮೊಬೈಲ್ ಬೆಳಕು ಹಿಡಿದ ಕೈ ಊರೋಕೆ ಸಿಗಲ್ಲ.

ಇನ್ನೊಂದು: ಮೂಡಣ ದಿಕ್ಕಲ್ಲಿ ಹೊಳೆಯೋ ನೀರಿನ ಫೋಟೊ ತೆಗೆದು “ಅರಬ್ಬಿ ಸಮುದ್ರ” ಅಂತ ಹಾಕಬೇಡಿ. ಅದು ಅಣೆಕಟ್ಟಿನ ಹಿನ್ನೀರು.