ಕಿಟಕಿ ಒರೆಸುವವನಿಗೆ ಸರ್ಕಾರಿ ಏಣಿ

ಕಂಡವರ ದುಡ್ಡಲ್ಲಿ ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಅದನ್ನು ಬ್ರಿಟನ್ ಸರ್ಕಾರ ಕಾಯ್ದೆ ಮಾಡಿಯೇ ನಡೆಸಿತ್ತು.

1974ರಲ್ಲಿ ಅಲ್ಲಿ ‘ಕನ್ಫೆಶನ್ಸ್ ಆಫ್ ಎ ವಿಂಡೋ ಕ್ಲೀನರ್’ ಅಂತ ಒಂದು ವಯಸ್ಕರ ಹಾಸ್ಯ ಚಿತ್ರ ಬಂತು. ಹುಡುಗನೊಬ್ಬ ಏಣಿ ಹಾಕಿ ಕಂಡವರ ಮನೆ ಕಿಟಕಿ ಒರೆಸುತ್ತಾನೆ. ಒಳಗೆ ಯಾರೋ ಇರುತ್ತಾರೆ. ಇವನು ಒಳಗೆ ಹೋಗುತ್ತಾನೆ, ಬಟ್ಟೆ ಹೊರಗೆ ಬರುತ್ತದೆ. ಆಮೇಲೆ ಮುಂದಿನ ಕಿಟಕಿ. ಕಥೆ ಅಂತ ಹುಡುಕಬೇಡಿ, ಇಷ್ಟೇ. ವಿಮರ್ಶಕರು ಮೂಗು ಮುರಿದರು. ಜನ ಟಿಕೆಟ್ ತಗೊಂಡರು. ಆ ವರ್ಷ ಬ್ರಿಟನ್ನಿನ ಥಿಯೇಟರುಗಳಲ್ಲಿ ಅತಿ ಜಾಸ್ತಿ ದುಡ್ಡು ಮಾಡಿದ ಬ್ರಿಟಿಷ್ ಚಿತ್ರ ಇದೇ.

ನಿಜವಾದ ಹಾಸ್ಯ ಇರುವುದು ತೆರೆಯ ಮೇಲಲ್ಲ, ಲೆಕ್ಕದ ಪುಸ್ತಕದಲ್ಲಿ.

ದೇಶದ ಸಿನಿಮಾ ಉಳಿಯಬೇಕು ಅಂತ 1950ರಲ್ಲಿ ಟಿಕೆಟ್ ಮೇಲೆ ಒಂದು ವಂತಿಗೆ ಶುರು ಮಾಡಿದ್ದರು. ಖಜಾನೆಯ ಅಧಿಕಾರಿ ಸರ್ ವಿಲ್‌ಫ್ರೆಡ್ ಈಡಿ ಅವರ ಹೆಸರಲ್ಲಿ ಅದು ‘ಈಡಿ ಲೆವಿ’ ಆಯಿತು. (ಬೆಚ್ಚಬೇಡಿ, ಈ ಈಡಿ ಮನೆಗೆ ಬಂದು ದುಡ್ಡು ಕೊಟ್ಟು ಹೋಗುತ್ತಿತ್ತು.) 1957ರಲ್ಲಿ ಇದು ಕಡ್ಡಾಯವಾಯಿತು. ಹೀಗೆ ಕೂಡಿದ ದುಡ್ಡು ಬ್ರಿಟನ್ನಿನಲ್ಲಿ ತಯಾರಾದ ಚಿತ್ರಗಳಿಗೆ ಹೋಗುತ್ತಿತ್ತು. ಪಾಲು ಹಂಚುವಾಗ ಚಿತ್ರ ಚೆನ್ನಾಗಿದೆಯಾ ಅಂತ ಯಾರೂ ಕೇಳುವಂತಿರಲಿಲ್ಲ. ಥಿಯೇಟರಿನಲ್ಲಿ ಜಾಸ್ತಿ ಗಳಿಸಿದವನಿಗೆ ಜಾಸ್ತಿ ಪಾಲು. ಅಂದರೆ ಉಂಡು ತೇಗಿದವನಿಗೇ ಇನ್ನೊಂದು ಎಲೆ ಹಾಕುವುದು.

ಹಾಗಾಗಿ ಅಜ್ಜಿ ಮೊಮ್ಮಗನ ಜೊತೆ ಕಾರ್ಟೂನ್ ನೋಡಿ ಬಂದರೂ, ಆಕೆಯ ಟಿಕೆಟ್ಟಿನ ಚೂರು ಕಿಟಕಿ ಒರೆಸುವವನ ಬಕೆಟ್ಟಿಗೆ ಬೀಳುತ್ತಿತ್ತು. ಜೇಮ್ಸ್ ಬಾಂಡನಿಗೂ ಇದೇ ಹುಂಡಿ, ಇವನಿಗೂ ಇದೇ ಹುಂಡಿ. ಬಾಂಡನಿಗೆ ಪಿಸ್ತೂಲು, ಇವನಿಗೆ ಸ್ಪಂಜು. ಇನ್ನು ಈ ಅಪ್ಪಟ ಬ್ರಿಟಿಷ್ ಚಿತ್ರಕ್ಕೆ ಬಂಡವಾಳ ಹಾಕಿದ್ದು ಯಾರು? ಅಮೆರಿಕದ ಕೊಲಂಬಿಯಾ ಕಂಪನಿ!

ಇತ್ತ ಸೆನ್ಸಾರ್ ಮಂಡಳಿ ‘ಎಕ್ಸ್’ ಮುದ್ರೆ ಒತ್ತಿ ಬಾಗಿಲಲ್ಲಿ ಕಾವಲು ಕೂತಿತ್ತು. ಹದಿನೆಂಟು ತುಂಬದವರಿಗೆ ಪ್ರವೇಶ ಇಲ್ಲ. ಮಂಡಳಿ ಒಪ್ಪಿದರೂ ಊರಿನ ಕೌನ್ಸಿಲ್ ಬೇಡ ಅನ್ನಬಹುದಿತ್ತು. ಮಂಡಳಿ ಬೇಡ ಅಂದದ್ದನ್ನು ಕೌನ್ಸಿಲ್ ತೋರಿಸಿ ಅನ್ನಲೂಬಹುದಿತ್ತು. ಮಾನ ಮರ್ಯಾದೆಯ ಗೆರೆ ಊರಿಂದ ಊರಿಗೆ ಸರಿಯುತ್ತಿತ್ತು. ವಂತಿಗೆ ಮಾತ್ರ ಎಲ್ಲೂ ಸರಿಯಲಿಲ್ಲ.

ಇಷ್ಟು ಪ್ರೋತ್ಸಾಹ ಸಿಕ್ಕರೆ ಯಾರು ಬಿಡ್ತಾರೆ? ಅದೇ ಹುಡುಗ 1975ರಲ್ಲಿ ಪಾಪ್ ಗಾಯಕರ ಹಿಂದೆ ಹೋದ, 1976ರಲ್ಲಿ ಡ್ರೈವಿಂಗ್ ಕಲಿಸಿದ, 1977ರಲ್ಲಿ ರಜಾ ಶಿಬಿರ ಸೇರಿದ. ಕೆಲಸ ಬದಲಾಯಿತು, ಬಟ್ಟೆಯ ಗತಿ ಅದೇ. ಲೆವಿ ನಿಂತದ್ದು 1985ರಲ್ಲಿ.

ಆ ಹುಡುಗನನ್ನು ಕಿಟಕಿ ಕೆಲಸಕ್ಕೆ ಹಚ್ಚುವ ಅಕ್ಕನ ಗಂಡನ ಪಾತ್ರ ಮಾಡಿದವರು ಟೋನಿ ಬೂತ್. ಅವರ ಮಗಳು ಚೆರಿ ಮುಂದೆ ಟೋನಿ ಬ್ಲೇರ್ ಎಂಬ ವಕೀಲರನ್ನು ಮದುವೆಯಾದರು. 1997ರಲ್ಲಿ ಅಳಿಯ ಪ್ರಧಾನಿಯಾದರು. ಕಿಟಕಿ ಒರೆಸುವವನ ಭಾವ, ಪ್ರಧಾನಿಯ ಮಾವ.