ಬಚ್ಚಲೊಲೆಯ ಬೂದಿ

ಶಿರಸಿ ಕಡೆ ಹಳ್ಳಿಮನೆಗಳಲ್ಲಿ ಮಳೆಗಾಲದಲ್ಲಿ ಬಚ್ಚಲೊಲೆ ಹೊತ್ತಿಸುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಕಟ್ಟಿಗೆ ಹಸಿ, ಅಡಿಕೆ ಸಿಪ್ಪೆಯೂ ಥಂಡಿ. ಒಂದು ಪ್ಲಾಸ್ಟಿಕ್ ಕೊಟ್ಟೆ ತುರುಕಿ ಕಡ್ಡಿ ಗೀರಿದರೆ ಉರಿ ಭರ್ರನೆ ಏಳುತ್ತದೆ. ಬೇರೆಯವರನ್ನು ಹೇಳ್ತಿಲ್ಲ, ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಹೀಗೇ ನಡೆದಿದೆ.

ಒಂದು ದಿನ ಅತ್ತೆ ಬಸಳೆ ಬುಡಕ್ಕೆ ಹಾಕಲು ಬೂದಿ ಜರಡಿ ಹಿಡಿಯುತ್ತಿದ್ದರು. ಜರಡಿಯಲ್ಲಿ ಕಪ್ಪಗೆ ಕರಗಿ ಗಟ್ಟಿಯಾದ ಒಂದು ಉಂಡೆ ಉಳಿಯಿತು. ಅದರ ಮೈಗೆ ಚಿಪ್ಸ್ ಪ್ಯಾಕೆಟ್ಟಿನ ಬೆಳ್ಳಿ ಬಣ್ಣ ಅಂಟಿಕೊಂಡಿತ್ತು. "ಇದೆಂತದೇ ಇದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯೋಚಿಸಿ ನೋಡಿ. ಆ ಒಲೆಗೆ ಮೊದಲು ಹೋಗುತ್ತಿದ್ದದ್ದು ತೆಂಗಿನ ಗರಟೆ, ಒಣ ಸೋಗೆ, ಅಡಿಕೆ ಸಿಪ್ಪೆ. ಬಿಸಿನೀರೂ ಆಯಿತು, ಬೂದಿಯಿಂದ ಪಾತ್ರೆಯೂ ಬೆಳಗಿತು, ಉಳಿದದ್ದು ಗಿಡಕ್ಕೆ. ರೀಸೈಕಲ್ ಅನ್ನುವ ಮಾತು ಗೊತ್ತಿಲ್ಲದೆಯೇ ಎಲ್ಲ ಸುತ್ತಿ ತೋಟಕ್ಕೇ ಬರುತ್ತಿತ್ತು. ಈಗ ಅದೇ ದಾರಿಯಲ್ಲಿ ಪ್ಲಾಸ್ಟಿಕ್ಕೂ ಸುತ್ತುತ್ತಿದೆ, ಬಸಳೆ ಬುಡಕ್ಕೇ ಬರುತ್ತಿದೆ. ತೋಟದ ಹಳೇ ಪಿವಿಸಿ ಪೈಪಿನ ತುಂಡು ಸುಡುವವರೂ ಇದ್ದಾರೆ. ಅದರ ಹೊಗೆಯಲ್ಲಿ ಡಯಾಕ್ಸಿನ್ ಅನ್ನುವ ವಿಷ ಇರುತ್ತದೆ. ಬಚ್ಚಲಲ್ಲಿ ಮಗುವಿಗೆ ಸ್ನಾನ ಮಾಡಿಸುವಾಗ ನಾವು ಉಸಿರಾಡುವುದು ಅದನ್ನೇ.

ಹಸಿ ಕಸ ನಮಗೆ ಸಮಸ್ಯೆಯೇ ಅಲ್ಲ, ಗೊಬ್ಬರಗುಂಡಿ ಇದೆ. ಹಾಲಿನ ಕೊಟ್ಟೆಯದ್ದೂ ದೊಡ್ಡ ಕೆಲಸವಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಆ ಚೂರು ಯಾರ ಕೈಗೂ ಸಿಗುವುದಿಲ್ಲ. ಅಂಚಿನಲ್ಲಿ ನೇತಾಡುವಂತೆ ಬಿಡಿ. ತೊಳೆದು ತಂತಿಗೆ ಸಿಕ್ಕಿಸಿದರೆ ಒಣಗುತ್ತದೆ. ನೀರಿನ ಬಾಟಲಿಗೂ ಬೆಲೆ ಇದೆ, ಅದು ಪಾಲಿಯೆಸ್ಟರ್ ನೂಲಾಗುತ್ತದೆ. ಇದನ್ನೆಲ್ಲ ನಡೆಸುವವನು ಗುಜರಿಯವನು. ಅವನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವ ನಾವೇ ಪೇಟೆಯ ಚರಂಡಿ ನೋಡಿ ಮೂಗು ಮುಚ್ಚುತ್ತೇವೆ!

ಮದುವೆಮನೆಯ ಪೇಪರ್ ಲೋಟದ್ದೂ ಒಂದು ಮಾತು. ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಗೊಬ್ಬರಗುಂಡಿಗೆ ಸುಮ್ನೆ ಎಸೆಯಬೇಡಿ. ಅಡಿಕೆ ಹಾಳೆಯ ತಟ್ಟೆ, ಬಾಳೆಲೆ ನಮ್ಮಲ್ಲೇ ಇರುವಾಗ ಇದೆಲ್ಲ ಯಾಕೆ ಬೇಕೋ.

ಕಷ್ಟ ಇರುವುದು ಚಿಪ್ಸ್, ಬಿಸ್ಕತ್ತಿನ ಪ್ಯಾಕೆಟ್ಟಿನದ್ದು. ಪ್ಲಾಸ್ಟಿಕ್ಕಿಗೆ ಅಲ್ಯುಮಿನಿಯಂ ಅಂಟಿರುತ್ತದೆ, ಸುಲಭಕ್ಕೆ ಬಿಡಿಸಲು ಆಗುವುದಿಲ್ಲ. ನಮ್ಮ ಗುಜರಿಯವನ ಮುಂದೆ ಒಂದು ಚೀಲ ಇಟ್ಟೆ. ನಕ್ಕುಬಿಟ್ಟ. "ಅಕ್ಕಾ, ಇದನ್ನ ಮಾಡಿದ ಕಂಪನಿಗೇ ವಾಪಸ್ ಕೊಡಿ" ಅಂದ. ತಮಾಷೆಗೆ ಅಂದದ್ದು. ಆದರೆ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳುವುದೂ ಇದನ್ನೇ: ಪ್ಯಾಕೆಟ್ಟನ್ನು ಮಾರುಕಟ್ಟೆಗೆ ತಂದ ಕಂಪನಿಯದ್ದೇ ಅದನ್ನು ವಾಪಸ್ ಪಡೆಯುವ ಜವಾಬ್ದಾರಿ. ನಮ್ಮೂರಿಗೆ ಪ್ಯಾಕೆಟ್ ತರುವ ವ್ಯಾನು ವಾರವಾರ ತಪ್ಪದೆ ಬರುತ್ತದೆ, ಹೋಗುವಾಗ ಖಾಲಿಯೇ ಹೋಗುತ್ತದೆ.

ಹಾಗಾಗಿ ಒಂದು ಸಿಮೆಂಟ್ ಚೀಲ ತುಂಬಿ ಅಟ್ಟ ಸೇರಿದೆ. ಎರಡನೆಯದು ಅರ್ಧ ಆಗಿದೆ. ಒಲೆಗೆ ಹಾಕಲು ಅತ್ತೆ ಈಗ ಬಿಡುತ್ತಿಲ್ಲ.