ಎರಡೂಮುಕ್ಕಾಲು ನಕ್ಷತ್ರ

ಆಕಾಶದಲ್ಲಿ ಅರ್ಧ ನಕ್ಷತ್ರ ಕಂಡವರಿಲ್ಲ. ಸಿನಿಮಾ ಪುಟದಲ್ಲಿ ಮಾತ್ರ ಅರ್ಧವೂ ಉಂಟು, ಮುಕ್ಕಾಲೂ ಉಂಟು. ಒಂದು ಸ್ಟಾರ್ ಕೊಟ್ಟರೆ ಚಿತ್ರತಂಡಕ್ಕೆ ಸಿಟ್ಟು, ಐದು ಕೊಟ್ಟರೆ ಓದುಗನಿಗೆ ಅನುಮಾನ. ಹಾಗಾಗಿ ನಮ್ಮ ವಿಮರ್ಶೆಗಳ ಸಂಸಾರವೆಲ್ಲ ಎರಡೂವರೆಗೂ ಮೂರೂವರೆಗೂ ನಡುವಿನ ಒಂದು ಸ್ಟಾರ್ ಅಗಲದ ಓಣಿಯಲ್ಲೇ ಸಾಗುತ್ತದೆ. ಆ ಓಣಿಗೆ ಅದರದೇ ಭಾಷೆಯಿದೆ. 'ಒಮ್ಮೆ ನೋಡಬಹುದು' ಎಂದರೆ ಟಿವಿಗೆ ಬಂದಾಗ ಎಂದರ್ಥ. 'ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ' ಎಂದರೆ ಆ ನಟನ ಬಗ್ಗೆ ಬರೆಯಲು ಬೇರೇನೂ ಹೊಳೆಯಲಿಲ್ಲ. 'ಇನ್ನಷ್ಟು ಕತ್ತರಿ ಆಡಿಸಬಹುದಿತ್ತು' ಎಂದರೆ ಇಂಟರ್ವಲ್ ಆದಮೇಲೆ ಬರೆದವರು ಎರಡು ಸಲ ಗಡಿಯಾರ ನೋಡಿದ್ದಾರೆ. 'ಛಾಯಾಗ್ರಹಣ ಕಣ್ಣಿಗೆ ಹಬ್ಬ' ಎಂದರೆ ಮಲೆನಾಡು ಹಸಿರಾಗಿದೆ.

ಈ ಕೊನೆಯದರ ಬಗ್ಗೆ ನನ್ನ ತಕರಾರು ಸ್ವಲ್ಪ ಉದ್ದ. 2006ರ ಡಿಸೆಂಬರ್ ಕೊನೆಗೆ ಬಂದ 'ಮುಂಗಾರು ಮಳೆ'ಯನ್ನೇ ನೋಡಿ. ಕ್ಯಾಮೆರಾ ಹಿಡಿದವರು ಎಸ್. ಕೃಷ್ಣ. ಮಳೆಯಲ್ಲಿ ಕ್ಯಾಮೆರಾ ಇಟ್ಟರೆ ಮಳೆ ತಾನಾಗಿ ಪರದೆಗೆ ಬರುತ್ತದೆ ಎಂದುಕೊಂಡವರು ಮೊಬೈಲಿನಲ್ಲಿ ಒಮ್ಮೆ ತೆಗೆದು ನೋಡಲಿ. ಕೊಡೆ ಕಾಣುತ್ತದೆ, ಮಳೆ ಕಾಣುವುದಿಲ್ಲ. ಹನಿ ಪಾರದರ್ಶಕ. ಮುಂದಿನಿಂದ ಬೆಳಕು ಬಿದ್ದರೆ ಕಣ್ಮರೆ. ಬೆಳಕು ಹಿಂದಿನಿಂದಲೋ ಹಿಂಬದಿಯ ಓರೆಯಿಂದಲೋ ಬಂದು, ಅದರ ಬೆನ್ನಿಗೆ ಕಪ್ಪು ಬಂಡೆಯೋ ದಟ್ಟ ಕಾಡೋ ಇದ್ದಾಗ ಹನಿ ಬೆಳ್ಳಿಗೆರೆಯಾಗುತ್ತದೆ. ಬೆನ್ನಿಗೆ ಬಿಳಿ ಆಕಾಶವಿದ್ದರೆ ಕುಂಭದ್ರೋಣ ಮಳೆಯೂ ಬರೀ ಮಂಜು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲಾದ ಶಟರ್ ಸಾಮಾನ್ಯವಾಗಿ 1/48 ಸೆಕೆಂಡ್ ತೆರೆದಿರುತ್ತದೆ. ಅಷ್ಟರಲ್ಲಿ ಹನಿ ಗೆರೆಯಾಗಿ ಎಳೆದುಕೊಳ್ಳುತ್ತದೆ. ಶಟರ್ ಅವಧಿ ಕಡಿಮೆ ಮಾಡಿದರೆ ಅದೇ ಹನಿ ಮುತ್ತಿನಂತೆ ನಿಲ್ಲುತ್ತದೆ. ಇಷ್ಟೆಲ್ಲ ಲೆಕ್ಕವಿರುವ ಕೆಲಸಕ್ಕೆ 'ಕಣ್ಣಿಗೆ ಹಬ್ಬ' ಎಂದು ಎರಡು ಪದ ಬರೆದು ಮುಗಿಸುವುದು ಹೋಳಿಗೆ ತಿಂದು 'ಸಿಹಿಯಾಗಿತ್ತು' ಎಂದಂತೆ. ಅಂದಹಾಗೆ ಆ ಚಿತ್ರದಲ್ಲಿ ಮಳೆಗಿಂತ ಹೆಚ್ಚು ಸುರಿದದ್ದು ಮಾತು. ನಾಯಕ ಮೊಲದ ಮುಂದೆ ಗೋಳು ತೋಡಿಕೊಳ್ಳುವ ದೃಶ್ಯಗಳು ನನಗೆ ಹಾಡುಗಳಿಗಿಂತ ಇಷ್ಟ. ಉತ್ತರ ಕೊಡದ ಶ್ರೋತೃ ಸಿಕ್ಕರೆ ಮಾತುಗಾರ ತನ್ನ ಗುಟ್ಟನ್ನೆಲ್ಲ ತಾನೇ ಬಿಚ್ಚುತ್ತಾನೆ.

ಇನ್ನು 'ಲ್ಯಾಗ್', ಅಂದರೆ ಚಿತ್ರ ಎಳೆದಂತಾಯಿತು ಎಂಬ ದೂರು. ಹುಳಿಗೆ ಉಪ್ಪು ಕಡಿಮೆಯೋ ಬೇಳೆ ಬೆಂದಿಲ್ಲವೋ ಹೇಳದೆ 'ಯಾಕೋ ಸರಿಯಿಲ್ಲ' ಎಂದಂತಿದು. ನೋಡುವವನಿಗೆ ಆಗಲೇ ಗೊತ್ತಾದದ್ದನ್ನು ಪಾತ್ರವೊಂದು ಮತ್ತೆ ಬಾಯಿಬಿಟ್ಟು ಹೇಳಿದರೆ ಚಿತ್ರ ನಿಂತಂತೆ ಅನ್ನಿಸುತ್ತದೆ. ಅದು ಬರವಣಿಗೆಯ ತಪ್ಪು. ದೃಶ್ಯದ ಕೆಲಸ ಮುಗಿದರೂ ಶಾಟ್ ಮುಂದುವರಿದರೆ ಅದು ಸಂಕಲನದ ತಪ್ಪು. ಮೂರನೆಯ ಬಗೆಯೊಂದಿದೆ, ಅದು ತಪ್ಪೇ ಅಲ್ಲ. 2014ರ 'ಉಳಿದವರು ಕಂಡಂತೆ' ಒಂದೇ ಘಟನೆಯ ಸುತ್ತ ಹಲವರ ಕಣ್ಣಿನಿಂದ ಸುತ್ತುತ್ತದೆ. ಎರಡನೆಯ ಸಲ ಅದೇ ಜಾಗಕ್ಕೆ ಬಂದಾಗ 'ಇದನ್ನು ಆಗಲೇ ತೋರಿಸಿದರಲ್ಲ' ಎಂದವನಿಗೆ ಅದು ಲ್ಯಾಗ್. ಹೋದ ಸಲ ಚೌಕಟ್ಟಿನ ಆಚೆಯಿದ್ದವರು ಈ ಸಲ ಒಳಗಿದ್ದಾರೆಂದು ಗಮನಿಸಿದವನಿಗೆ ಅದೇ ಕಥೆ. ಬಿಡುಗಡೆಯಾದಾಗ ದೊಡ್ಡ ಗಳಿಕೆ ಆಗಲಿಲ್ಲ. ಆಮೇಲೆ ಅದಕ್ಕೆ ಭಕ್ತಗಣವೇ ಹುಟ್ಟಿತು. ಹುಲಿವೇಷದ ತಾಸೆಯ ಪೆಟ್ಟು ಚಿತ್ರದುದ್ದಕ್ಕೂ ಹೇಗೆ ಬಳಕೆಯಾಗಿದೆ ಎಂಬುದಕ್ಕಾದರೂ ಎರಡನೆಯ ಸಲ ನೋಡಬೇಕು. ಆದರೂ ಮಧ್ಯದ ಒಂದು ಹತ್ತು ನಿಮಿಷವನ್ನು ಭಕ್ತರೂ ಸಮರ್ಥಿಸಲಾರರು.

ಮೊದಲ ವಾರದ ವಿಮರ್ಶೆ ಎಷ್ಟು ದೂರ ಎಡವಬಹುದು ಎನ್ನುವುದಕ್ಕೆ ದೊಡ್ಡ ಸಾಕ್ಷಿ ನಮ್ಮ ರಾಮನಗರದ ಬಂಡೆಗಳ ಮೇಲೇ ಇದೆ. ಅಲ್ಲೇ ಚಿತ್ರೀಕರಣಗೊಂಡು 1975ರ ಆಗಸ್ಟ್ 15ಕ್ಕೆ ತೆರೆಕಂಡ 'ಶೋಲೆ'ಯನ್ನು ವಿಮರ್ಶಕರಲ್ಲಿ ಹಲವರು ತಳ್ಳಿಹಾಕಿದರು, ವ್ಯಾಪಾರದವರು ಮುಳುಗಿತು ಎಂದರು. ಆಮೇಲೆ ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಅದು ಐದು ವರ್ಷ ಓಡಿತು. ವಿಮರ್ಶಕರು ದಡ್ಡರೇನಲ್ಲ. ಅವರು ತೂಗಿದ್ದು ಕಥೆಯನ್ನು, ಮತ್ತು ಕಥೆ ನಿಜಕ್ಕೂ ಹಳೆಯದು: ಊರಿಗೆ ಡಕಾಯಿತ, ಬಾಡಿಗೆಗೆ ವೀರರು, ಸೇಡು. ತಕ್ಕಡಿಗೆ ಬೀಳದೆ ಹೋದದ್ದು ಸದ್ದು. ಬೆಲ್ಟಿನ ಬಕಲ್ ಬಂಡೆಗೆ ಉಜ್ಜಿಕೊಂಡು ಬರುವ ಸದ್ದು, ಠಾಕೂರನ ಮನೆಯಂಗಳದ ಜೋಕಾಲಿಯ ಕಿರುಗುಟ್ಟುವಿಕೆ, ದೀಪ ಆರಿಸುವ ವಿಧವೆಗೆ ಎದುರಾಗಿ ಮೌತ್ ಆರ್ಗನ್. 35 ಎಂಎಂನಲ್ಲಿ ಚಿತ್ರೀಕರಿಸಿ 70 ಎಂಎಂಗೆ ಹಿಗ್ಗಿಸಿ ಸ್ಟೀರಿಯೊಫೋನಿಕ್ ಧ್ವನಿ ಕೊಟ್ಟದ್ದು ಸುಮ್ಮನೆ ಆಡಂಬರಕ್ಕಲ್ಲ. ಜನ ಕಿವಿಯಿಂದ ಸಿನಿಮಾ ಕಲಿತರು. ಹಾಡಿನ ಚಿತ್ರವೊಂದರ ಸಂಭಾಷಣೆಗಳೇ ಗ್ರಾಮಫೋನ್ ರೆಕಾರ್ಡಾಗಿ ಮಾರಾಟವಾದವು. ತಮಾಷೆಯೆಂದರೆ, ಮೂರು ತಾಸು ಮೀರುವ ಆ ಚಿತ್ರಕ್ಕೆ ಫಿಲ್ಮ್‌ಫೇರ್ ಕೊಟ್ಟ ಒಂದೇ ಒಂದು ಪ್ರಶಸ್ತಿ ಸಂಕಲನಕ್ಕೆ. ಜೈಲರನ ಹಾಸ್ಯ ಅಷ್ಟುದ್ದ ಬೇಕಿರಲಿಲ್ಲ ಎಂಬ ನನ್ನ ಅಭಿಪ್ರಾಯವನ್ನು ಈ ಪ್ರಶಸ್ತಿಯೂ ಬದಲಿಸಿಲ್ಲ.

ಕಾದಂಬರಿ ಓದಿ ಬಂದವರ ವಿಮರ್ಶೆಯದು ಬೇರೆಯೇ ಜಾತಿ. ಪುಟ್ಟಣ್ಣ ಕಣಗಾಲರು 1972ರ 'ನಾಗರಹಾವು'ವಿನಲ್ಲಿ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಇಳಿಸಿದರು. ಅದು ಕೇರೆಹಾವಾಯಿತು ಎಂಬ ಮಾತು ಕಾದಂಬರಿಕಾರರ ಹೆಸರಿನಲ್ಲಿ ಇಂದಿಗೂ ಓಡಾಡುತ್ತದೆ. ಇರಬಹುದು. ಚಾಮಯ್ಯ ಮೇಷ್ಟ್ರು ಮಾತ್ರ ಅಶ್ವತ್ಥರ ಮುಖ ಬಿಟ್ಟು ಬೇರೆ ಮುಖದಲ್ಲಿ ಯಾರಿಗೂ ಕಾಣಲಾರರು, ಪುಸ್ತಕ ಓದಿದವರಿಗೂ.

ಈಗ ನಕ್ಷತ್ರಗಳ ಜಾಗಕ್ಕೆ ಶೇಕಡಾ ಬಂದಿದೆ, ಅದರ ಲೆಕ್ಕ ಇನ್ನೂ ಮೋಜು. ವಿಮರ್ಶೆಗಳನ್ನು ಒಟ್ಟುಹಾಕುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ 100 ಎಂದರೆ ನೂರಕ್ಕೆ ನೂರು ಅಂಕವಲ್ಲ. ಬರೆದವರೆಲ್ಲ 'ಪರವಾಗಿಲ್ಲ' ಎಂದರೂ ನೂರೇ. ಅಲ್ಲಿ ಎಣಿಸುವುದು ಮೆಚ್ಚಿದವರ ತಲೆ, ಮೆಚ್ಚುಗೆಯ ತೂಕವಲ್ಲ. ನೋಡುಗರೇ ಅಂಕ ಕೊಡುವ ಜಾಲತಾಣ ಐಎಂಡಿಬಿಯ ಅಗ್ರ 250ರ ಪಟ್ಟಿ ಇನ್ನೊಂದು ಥರ: ಎಲ್ಲ ಚಿತ್ರಗಳ ಸರಾಸರಿ ಅಂಕ ಹೊತ್ತ 25,000 ಮತಗಳ ಒಂದು ಮೂಟೆಯನ್ನು ಪ್ರತಿ ಚಿತ್ರದ ಬೆನ್ನಿಗೂ ಕಟ್ಟುತ್ತಾರೆ. ಆ ಸರಾಸರಿ 7 ಎಂದಿಟ್ಟುಕೊಳ್ಳಿ; 500 ಅಭಿಮಾನಿಗಳು ಬೆಳಗಿನ ಆಟಕ್ಕೇ ಹತ್ತಕ್ಕೆ ಹತ್ತು ಒತ್ತಿದರೂ ಚಿತ್ರ ನಿಲ್ಲುವುದು 7.06ರಲ್ಲಿ. ಸುಮ್ಮನೆ ಸರಾಸರಿ ಹಾಕಿದರೂ ಅನ್ಯಾಯವೇ. ಅರ್ಧ ಜನ ಐದು, ಅರ್ಧ ಜನ ಒಂದು ಕೊಟ್ಟ ಚಿತ್ರಕ್ಕೂ, ಎಲ್ಲರೂ ಆಕಳಿಸುತ್ತ ಮೂರು ಕೊಟ್ಟ ಚಿತ್ರಕ್ಕೂ ಬರುವುದು ಮೂರೇ. ಮೊದಲನೆಯದನ್ನು ಬಿಡದೆ ನೋಡಬೇಕು, ಎರಡನೆಯದಕ್ಕೆ ಪಾರ್ಕಿಂಗ್ ದುಡ್ಡೂ ದಂಡ.

ಇವೆಲ್ಲಕ್ಕೂ ಮೀರಿದ ವಿಮರ್ಶೆ ಮೊದಲ ದಿನ ಥಿಯೇಟರಿನ ಗೇಟಿನಲ್ಲಿ ನಡೆಯುತ್ತದೆ. ಮೈಕ್ ಹಿಡಿದವನ ಮುಂದೆ ಒಬ್ಬ ಬಂದು 'ಹತ್ತಕ್ಕೆ ಹನ್ನೊಂದು, ಬಾಸ್!' ಎಂದು ಕೂಗಿ ಶಿಳ್ಳೆ ಹಾಕುತ್ತಾನೆ. ಆ ಹನ್ನೊಂದನ್ನು ಸರಿದೂಗಿಸುವ ಸೂತ್ರ ಇನ್ನೂ ಬಂದಿಲ್ಲ. ಅವನ ಹಿಂದೆಯೇ ಗಂಡ ಹೆಂಡತಿ ಬರುತ್ತಾರೆ. ಸಿನಿಮಾ ಮಾತೇ ಇಲ್ಲ. ಆತ ಬೈಕಿನ ಟೋಕನ್ ಹುಡುಕುತ್ತಾನೆ, ಆಕೆ 'ಮೊಸರು ತಗೊಂಡು ಹೋಗಬೇಕು' ಎನ್ನುತ್ತಾಳೆ. ಎರಡೂಮುಕ್ಕಾಲು.